ಗಯ್ಯಾಳಿಯ ಪಥ್ಯ

ಫೆಬ್ರವರಿ ೧೨

ಸೊಸೆಗೆ ಮಾವನ ಆಶೀರ್ವಾದ.

ಯೋಗಕ್ಷೇಮವನ್ನು ವಿಚಾರಿಸಿದ ಬಳಿಕವೇ ವಿಷಯಕ್ಕೆ ಬರುವುದು ನಾನು ಚಿಕ್ಕಂದಿನಿಂದ ಕಲಿತ ಕ್ರಮ. ಇಂದು ಅದಕ್ಕೆ ವ್ಯವಧಾನವಿಲ್ಲ. ವಿಷಯವು ನನ್ನ ಮಗ್ಗುಲಲ್ಲಿಯೇ, ಹಳೆಯ ಟವೆಲಿನಲ್ಲಿ ಸುತ್ತಿಸಿಕೊಂಡು, ಒಂದು ಕಣ್ಣನ್ನು ಅರ್ಧ ತೆರೆದು ಮಲಗಿದೆ. ಅದು ನೀನು ಮಾಳಿಗೆಯ ಮೇಲೆ ಸಾಕಿದ್ದ ಕೋಳಿ.

ಆಶ್ರಮದಲ್ಲಿ ಒಂದು ತಿಂಗಳ ಮೌನವನ್ನು ಮುಗಿಸಿ ನಿನ್ನೆ ಮನೆಗೆ ಮರಳಿದೆ. ನೀನು ಹೊರಟುಹೋದ ಸಂಗತಿ ನನಗೆ ತಿಳಿದದ್ದು ಆಗಲೇ. ಅಂಗಡಿಯಲ್ಲಿ ನನ್ನ ಮಗ ಎಂದಿನಂತೆ ಯಾರದೋ ಬೀಗವನ್ನು ಬಿಚ್ಚಿಕೊಂಡು ಕುಳಿತಿದ್ದ.

"ಅವಳೆಲ್ಲೋ?" ಎಂದೆ.

"ಹೋದ್ಲು."

"ಎಲ್ಲಿಗೆ?"

"ಬೇರೆ ಆಸ್ಪತ್ರೆಗೆ. ವರ್ಗ ಮಾಡಿಸ್ಕೊಂಡು."

"ಯಾವಾಗ ಬರ್ತಾಳೆ?"

ಇದಕ್ಕೆ ಉತ್ತರವಾಗಿ ಅವನು ಸಾಣೆಯ ಯಂತ್ರವನ್ನು ಚಾಲೂ ಮಾಡಿದ. ಮೌನವ್ರತಕ್ಕಾಗಿ ನಾನು ಅಷ್ಟು ದೂರ ಹೋಗಬೇಕಾಗಿರಲಿಲ್ಲ ಎನ್ನಿಸಿತು.

ಒದ್ದೆಯಾದ ಪಂಚೆಯನ್ನು ಹರವಲೆಂದು ಮಾಳಿಗೆಗೆ ಹತ್ತಿದೆ. ಗೂಡಿನ ಮುಂದೆ ನಿಂತಾಗ ಒಳಗೆ ಕಂಡದ್ದು ಒಂದು ಹಿಡಿ ಪುಕ್ಕ. ಅದು ಸತ್ತಿದೆಯೆಂದೇ ಭಾವಿಸಿದೆ. ನನ್ನ ನೆರಳು ಬಿದ್ದೊಡನೆ ತಲೆಯನ್ನು ಎತ್ತಲು ಹೋಗಿ ಎತ್ತಲಾಗದೆ ಇಳಿಸಿತು. ಕಾಳಿನ ಡಬ್ಬಿ ಬರಿದು, ನೀರಿನ ಬಟ್ಟಲಿನ ತಳದಲ್ಲಿ ಪಾಚಿಯ ಒಣಗಿದ ಹಕ್ಕಳೆ. ಬಾಗಿಲಿಗೆ ಬೀಗ. ಆ ಬೀಗ ನನ್ನ ಮಗ, ಮದುವೆಯಾದ ಹೊಸತರಲ್ಲಿ, ನಿನಗೆಂದು ಕೈಯಾರೆ ಮಾಡಿಕೊಟ್ಟದ್ದು. ಕೆಳಗೆ ಮೆಟ್ಟಿಲಿನ ಬುಡದಲ್ಲಿ ಬೀಗದ ಕೈಯನ್ನು ನೇತುಹಾಕುವ ಮೊಳೆ ಖಾಲಿ. ತಂತಿಯನ್ನು ಬಗ್ಗಿಸಿ ತೂರಿಸಿದೆ, ಸಣ್ಣ ಅರ ತಂದು ನೋಡಿದೆ. ಈ ಕೈಗಳಿಗೆ ಮಣಿಯದ ಬೀಗ ಈ ಊರಿನಲ್ಲಿಲ್ಲವೆಂದು ಎಣಿಸಿದ್ದವನು ನಾನು. ನನ್ನ ಮಗನ ಬೀಗ ಮಣಿಯಲಿಲ್ಲ. ಅವನ ವಿದ್ಯೆಗೆ ಹಿಗ್ಗಬೇಕೋ ನನ್ನ ತಲೆಯನ್ನು ಚಚ್ಚಿಕೊಳ್ಳಬೇಕೋ ತಿಳಿಯದೆ, ಕೊನೆಗೆ ಬಾಗಿಲಿನ ಕೀಲುಗಳನ್ನೇ ಗರಗಸದಿಂದ ಕೊಯ್ದು ತೆಗೆದೆ.

ಎದೆಯ ಮೂಳೆ ಚೂರಿಯ ಅಲಗಿನಂತಾಗಿದೆ. ಜುಟ್ಟು ಬಾಡಿ ಒಂದು ಮಗ್ಗುಲಿಗೆ ಬಿದ್ದಿದೆ. ಕಣ್ಣು ಗುಳಿಬಿದ್ದಿದೆ. ಚಮಚದಲ್ಲಿ ನೀರನ್ನು ಕೊಕ್ಕಿನೊಳಗೆ ಹೊಯ್ದೆ; ಅದು ಮೂಗಿನಿಂದ ಹೊರಬಂದು, ಪಕ್ಷಿ ಕೆಮ್ಮಿದಂತೆ ಮಾಡಿತು. ಅನಂತರ ಒಂದು ಮುಷ್ಟಿ ಗೋಧಿಯನ್ನಿಟ್ಟೆ. ಅದನ್ನು ಮಾತ್ರ ಹಪಹಪಿಸಿ ನುಂಗಿತು. ಇದು ಒಳ್ಳೆಯ ಲಕ್ಷಣವೆಂದು ಭಾವಿಸುತ್ತೇನೆ.

ಫೋನು ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿರುವ ಹಕ್ಕು ನಿನಗುಂಟು. ನಿನ್ನ ಹಳೆಯ ಆಸ್ಪತ್ರೆಯಲ್ಲಿ ಕೇಳಿ ಈ ವಿಳಾಸವನ್ನು ಪಡೆದೆ. ಈ ಪಕ್ಷಿಯ ಆರೈಕೆಯ ಕ್ರಮವನ್ನು ಕೂಡಲೇ ಬರೆದು ತಿಳಿಸುವುದು. ಉಳಿದ ಮಾತು ಉಳಿದಿರಲಿ.

ಇಂತು,
ನಿನ್ನ ಮಾವ

•

ಫೆಬ್ರವರಿ ೧೬

ಮಾವ, ನಮಸ್ಕಾರ.

ಪತ್ರ ಈಗ ತಾನೆ ಸಿಕ್ಕಿತು. ನಿಂತುಕೊಂಡೇ ಬರೆಯುತ್ತಿದ್ದೇನೆ. ವಾರ್ಡುಗಳಿಗೆ ಮಧ್ಯಾಹ್ನದ ಊಟದ ಗಾಡಿ ಹೊರಡುವುದರೊಳಗೆ ಇದನ್ನು ಅಂಚೆಗೆ ಹಾಕಬೇಕು.

ಗೋಧಿ ಕೊಡಬೇಡಿ. ಯಾವ ಕಾಳನ್ನೂ ಕೊಡಬೇಡಿ. ಉಪವಾಸ ಬಿದ್ದ ಹೊಟ್ಟೆಗೆ ಒಮ್ಮೆಲೇ ಗಟ್ಟಿ ಆಹಾರ ಹಾಕಿದರೆ ಹಸಿವು ಕೊಲ್ಲದ್ದನ್ನು ಊಟ ಕೊಲ್ಲುತ್ತದೆ. ಇಲ್ಲಿ ರೋಗಿಗಳ ಮನೆಯವರಿಗೆ ದಿನಾ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನೀರನ್ನು ಹೊಯ್ಯಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸಕ್ಕರೆ, ಚಿಟಿಕೆ ಉಪ್ಪು ಹಾಕಿ, ಬೆರಳು ಅದ್ದಿ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ. ಅವಳೇ ನುಂಗಲಿ. ನೀರು ಕುಡಿಯಲು ಶುರು ಮಾಡಿದ ಮೇಲೆ ಹಿಟ್ಟನ್ನು ಗಂಜಿಯ ಹಾಗೆ ತೆಳ್ಳಗೆ ಕಲಸಿ ಒಂದು ಚಮಚ. ಕತ್ತಿನ ಬುಡದಲ್ಲಿ ಒಂದು ಚೀಲ ಇರುತ್ತದೆ; ಬೆಳಗ್ಗೆ ಮುಟ್ಟಿ ನೋಡಿ. ಬರಿದಾಗಿದ್ದರೆ ಮಾತ್ರ ಇನ್ನೊಂದು ಚಮಚ.

ನಾನು ಹೊರಟಾಗ ಡಬ್ಬಿ ತುಂಬ ಕಾಳು, ಬಟ್ಟಲ ತುಂಬ ನೀರು ಇಟ್ಟಿದ್ದೆ. ಅದು ಮುಗಿಯುವುದರೊಳಗೆ ಮನೆಯಲ್ಲಿರುವ ಮನುಷ್ಯ ಮಾಳಿಗೆ ಹತ್ತಿ ನೋಡುತ್ತಾನೆ ಎಂದುಕೊಂಡಿದ್ದೆ. ಇಷ್ಟನ್ನೂ ಬಾಯಿಬಿಟ್ಟು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಮೂಕ ಪ್ರಾಣಿಯ ಮೇಲೆ ತೀರಿಸಿಕೊಂಡಿದ್ದಾರೆ. ಹಾಗೆಂದು ನಿಮ್ಮ ಮಗನಿಗೆ ಹೇಳಿ. ಅಥವಾ ಹೇಳಬೇಡಿ, ಕೇಳಿಸಿಕೊಳ್ಳುವವರಲ್ಲ.

ಅವಳಿಗೆ ಹೆಸರಿದೆ. ಗಯ್ಯಾಳಿ. ನಿಮಗೂ ಗೊತ್ತು.

ಅವಳು ಸತ್ತರೆ ನನಗೆ ಇನ್ನು ಬರೆಯಬೇಡಿ. ಬದುಕಿದರೆ, ಪೂರ್ತಿ ಗಟ್ಟಿಯಾದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ. ಆಮೇಲೆ ಆ ಮನೆಯಲ್ಲಿ ನನ್ನದು ಎನ್ನುವುದು ಏನೂ ಉಳಿದಿರುವುದಿಲ್ಲ.

ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ

•

ಫೆಬ್ರವರಿ ೨೨

ಸೊಸೆಗೆ ಮಾವನ ಆಶೀರ್ವಾದ.

ನಿನ್ನ ಪತ್ರವು ಬಂದು ತಲುಪುವ ವೇಳೆಗೆ ಗೋಧಿಯು ತನ್ನ ಕೆಲಸವನ್ನು ಮಾಡಿ ಮುಗಿಸಿತ್ತು. ನೀನು ಹೇಳಿದ ಆ ಚೀಲ ಬೀಗದ ಕಪ್ಪೆಯಂತೆ ಗಟ್ಟಿಯಾಗಿ ಕೂತಿತ್ತು. ಅಂಚೆಯವನನ್ನು ಬೀದಿಯಲ್ಲಿಯೇ ನಿಲ್ಲಿಸಿ ಗದರಿದೆ. "ಪತ್ರ ಬರೆದೋರು ಬೇಗ ಬರೀಬೇಕಿತ್ತು ಯಜಮಾನ್ರೇ, ನನ್ಮೇಲ್ಯಾಕೆ ರೇಗ್ತೀರಾ" ಎಂದು ಅವನು ಸೈಕಲ್ಲು ತುಳಿದ. ಅವನ ಮಾತು ನ್ಯಾಯವಾದದ್ದೇ. ಆದುದರಿಂದಲೇ ನನಗೆ ಇನ್ನಷ್ಟು ರೇಗಿತು.

ಪಶುವೈದ್ಯರಲ್ಲಿಗೆ ಒಯ್ದೆ. ಅವರ ಮೇಜಿನ ಮೇಲೆ ನನಗಿಂತ ಮೊದಲು ಬಂದ ಒಂದು ಸಿರಿವಂತ ನಾಯಿ ಉಗುರು ಕತ್ತರಿಸಿಕೊಳ್ಳುತ್ತಿತ್ತು. ವೈದ್ಯರು ನಮ್ಮದನ್ನು ಎರಡು ಬೆರಳಿನಿಂದ ಎತ್ತಿ ನೋಡಿ, "ತಾತ, ಇದು ಅಡುಗೆಗೂ ಆಗಲ್ಲ, ಸಾಕೋಕೂ ಆಗಲ್ಲ" ಎಂದರು.

"ನನ್ನ ಬಗ್ಗೇನೂ ಹಾಗೆ ಅನ್ನೋರಿದ್ದಾರೆ, ಡಾಕ್ಟ್ರೇ. ಔಷಧ ಹೇಳಿ" ಎಂದೆ.

ಎರಡು ಹನಿ ಎಣ್ಣೆ ಕುಡಿಸಿ ಚೀಲವನ್ನು ಮೆಲ್ಲಗೆ ನೀವಬೇಕಂತೆ. ಅಂದಿನಿಂದ ನೀವುತ್ತಿದ್ದೇನೆ. ಜಪಮಾಲೆಯನ್ನು ಉರುಳಿಸುವ ಬೆರಳುಗಳಿಂದ ಕೋಳಿಯ ಕತ್ತನ್ನು ಉಜ್ಜುವ ಯೋಗ ನನ್ನ ಜಾತಕದಲ್ಲಿದ್ದುದನ್ನು ಯಾವ ಜೋಯಿಸನೂ ಹೇಳಿರಲಿಲ್ಲ. ಮೂರನೆಯ ಬೆಳಗಿಗೆ ಗಂಟು ಕರಗಿತು. ದೇವರ ದಯೆ.

ಆದರೆ ಅದು ತಿನ್ನುವುದಿಲ್ಲ. ನೀರಿನ ಹನಿಗಳನ್ನು ನುಂಗುತ್ತದೆ. ಹಿಟ್ಟಿನ ಬಟ್ಟಲನ್ನು ಕಣ್ಣೆತ್ತಿಯೂ ನೋಡದು. ರೋಗಿಗೆ ಬೇಕಾದದ್ದು ಶಾಂತಿ ಎಂಬ ಕಾರಣದಿಂದ ಅದನ್ನು ನನ್ನ ಪ್ರಾರ್ಥನೆಯ ಕೋಣೆಯಲ್ಲಿಯೇ ಇರಿಸಿದ್ದೇನೆ. ಕಿಟಕಿಗೆ ಪರದೆ ಎಳೆದಿದ್ದೇನೆ. ಅಲ್ಲಿ ಯಾರೂ ಮಾತನಾಡುವುದಿಲ್ಲ, ಒಂದು ಹೆಜ್ಜೆಯ ಸದ್ದೂ ಇಲ್ಲ. ಇದಕ್ಕಿಂತ ಹೆಚ್ಚಿನ ಸೌಕರ್ಯವನ್ನು ನಾನು ನನಗಾಗಿಯೂ ಮಾಡಿಕೊಂಡವನಲ್ಲ. ಆದರೂ ಅದು ಗೋಡೆಗೆ ಮುಖ ಮಾಡಿ ಕುಳಿತಿದೆ. ನಾನೇನು ತಪ್ಪು ಮಾಡಿದೆ?

ನನ್ನ ಮಗನನ್ನು ಕೇಳಿದೆ. "ಗೊತ್ತಾಗ್ಲಿಲ್ಲ" ಎಂದ. ಇನ್ನೊಮ್ಮೆ ಕೇಳಿದೆ. "ಗೊತ್ತಾಗ್ಲಿಲ್ಲ ಅಂದ್ನಲ್ಲಪ್ಪ" ಎಂದು ಅಂಗಡಿಗೆ ಇಳಿದುಹೋದ. ನೀನು ಹೋದಂದಿನಿಂದ ಅವನು ಮಲಗುವುದೂ ಅಲ್ಲಿಯೇ, ಬೆಂಚಿನ ಮೇಲೆ. ಪಕ್ಕದ ಮನೆಯ ಟೈಲರಮ್ಮನನ್ನು ವಿಚಾರಿಸಿದೆ. "ಬಾಯಿ ಬಡ್ಕೋತಾನೇ ಇತ್ತು ಸ್ವಾಮಿ. ಆಮೇಲೆ ನಿಂತೋಯ್ತು. ನಿಮ್ಮನೇಲಿ ಎಲ್ರೂ ಸುಮ್ನಾಗ್ತಾರಲ್ಲ, ಅದೂ ಸುಮ್ನಾಯ್ತೇನೋ ಅಂದ್ಕೊಂಡೆ" ಎಂದಳು. ಆಕೆಯ ನಾಲಗೆಗೆ ಒಂದು ಬೀಗವನ್ನು ಮಾಡುವಷ್ಟು ವಿದ್ಯೆ ನನಗಿಲ್ಲದೆಹೋಯಿತು.

ನಿನ್ನ ಮಾವ

•

ಫೆಬ್ರವರಿ ೨೭

ಮಾವ,

ಕತ್ತಲೆಯಲ್ಲಿ ಕೋಳಿ ತಿನ್ನುವುದಿಲ್ಲ! ಬೆಳಕು ಹೋಯಿತೆಂದರೆ ಅವಳ ಪಾಲಿಗೆ ರಾತ್ರಿ. ನೀವು ಅವಳನ್ನು ವಾರದಿಂದ ರಾತ್ರಿಯಲ್ಲಿ ಕೂರಿಸಿದ್ದೀರಿ. ಪರದೆ ತೆಗೆಯಿರಿ. ಕೋಣೆಯಿಂದಲೇ ತೆಗೆಯಿರಿ. ಅಡುಗೆಮನೆಗೆ, ಕಿಟಕಿಯ ಹತ್ತಿರ, ಪಾತ್ರೆ ಸದ್ದು ಮಾಡುವ ಕಡೆ ಇಡಿ.

ಇನ್ನೊಂದು. ಕೋಳಿ ಒಂಟಿಯಾಗಿ ತಿನ್ನಲು ಹಿಂಜರಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಕುಕ್ಕಿದರೆ ತಾನೂ ಕುಕ್ಕುತ್ತದೆ. ಬೇರೆ ಕೋಳಿ ಇಲ್ಲದ್ದರಿಂದ ನೀವೇ ಕುಕ್ಕಬೇಕು. ನೆಲದ ಮೇಲೆ ಕೂತು ಬಟ್ಟಲಿಗೆ ಬೆರಳಿನಿಂದ ಟಕ್ ಟಕ್ ಎಂದು ಹೊಡೆಯಿರಿ. ನಿಮ್ಮ ತಟ್ಟೆಯನ್ನೂ ಅಲ್ಲಿಗೇ ತಂದು ಊಟ ಮಾಡಿ. ಮಾತಾಡುತ್ತಾ ಮಾಡಿ. ನಾನು ಹಾಗೇ ಮಾಡುತ್ತಿದ್ದೆ. ಊಟಕ್ಕೆ ಕೂತಾಗ ಮಾತಾಡಬಾರದು ಎನ್ನುವುದು ನಿಮ್ಮ ಮನೆಯ ನಿಯಮ. ಅದಕ್ಕೇ ನಾನು ದಿನವೂ ತಟ್ಟೆ ಹಿಡಿದು ಮಾಳಿಗೆಗೆ ಹೋಗುತ್ತಿದ್ದದ್ದು. ಇಡೀ ದಿನ ಇನ್ನೂರು ಜನಕ್ಕೆ ಪಥ್ಯದ ಅಡುಗೆ ಮಾಡಿಸಿ, ಜಗಳವಾಡಿ, ನಕ್ಕು ಮನೆಗೆ ಬಂದರೆ, ಅದನ್ನೆಲ್ಲ ಕೇಳಲು ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳು.

ನಿಮ್ಮ ಮಗನಿಗೆ ಗೊತ್ತಾಗಲಿಲ್ಲವೇ? ಆ ಬೀಗ ಮಾಡಿದವರು ಅವರು. ನಾನು ಹೋದ ಮೇಲೆ ತಮ್ಮ ಹತ್ತಿರ ಇರುವ ಇನ್ನೊಂದು ಬೀಗದ ಕೈಯಿಂದ ತೆಗೆದು ಒಂದು ಲೋಟ ನೀರು ಇಡುವುದಕ್ಕೆ ಏನು ಗೊತ್ತಾಗಬೇಕು? ದಯವಿಟ್ಟು ಅವರ ಪರವಾಗಿ ಮಾತಾಡಬೇಡಿ.

ಅಡುಗೆಮನೆಯ ಮೇಲ್ವಿಚಾರಕಿ

•

ಮಾರ್ಚ್ ೩

ಮಗನಿಗೆ,

ಒಂದೇ ಸೂರಿನ ಕೆಳಗಿದ್ದು ನಿನಗೆ ಕಾಗದ ಬರೆಯುವ ಸ್ಥಿತಿ ಬಂದಿದೆ. ಬಾಯಿಯಿಂದ ಕೇಳಿದರೆ ನೀನು ಯಂತ್ರವನ್ನು ಚಾಲೂ ಮಾಡುತ್ತೀಯೆ; ಕಾಗದಕ್ಕೆ ಆ ಉಪಾಯ ನಡೆಯದು. ಇದನ್ನು ನಿನ್ನ ಇಕ್ಕಳದ ಕೆಳಗೆ ಇಟ್ಟಿದ್ದೇನೆ, ಕಂಡಿಲ್ಲವೆಂದು ಹೇಳುವಂತಿಲ್ಲ.

ಗೂಡಿನ ಬೀಗದ ಕೈ ಎಲ್ಲಿ? ಅವಳು ಹೊರಡುವಾಗ ನಿನಗೆ ಕೊಟ್ಟಳೇ ಇಲ್ಲವೇ? ಕೊಟ್ಟಿದ್ದರೆ ಏಕೆ ತೆರೆಯಲಿಲ್ಲ? ಕೊಡದಿದ್ದರೆ ಏಕೆ ಕೇಳಲಿಲ್ಲ? ಈ ಪ್ರಶ್ನೆಗಳಿಗೆ ವಾಕ್ಯಗಳಲ್ಲಿ ಉತ್ತರಿಸತಕ್ಕದ್ದು.

ನಿನ್ನ ಅಪ್ಪ

•

ಅದೇ ದಿನ

ಅಪ್ಪ,

ಕೈ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಒಂದೇ ಕೈ ಮಾಡಿದ್ದೆ, ಅವಳಿಗೆ ಕೊಟ್ಟೆ. ಹಾಗೆ ಮಾಡಬೇಕೆಂದು ಕಲಿಸಿದವರು ನೀವು. ಅವಳು ಹೋದ ದಿನ ಮೊಳೆ ನೋಡಿದೆ, ಕೈ ಇರಲಿಲ್ಲ. ಕೋಳಿಯನ್ನೂ ಕರೆದುಕೊಂಡು ಹೋದಳು ಅಂದುಕೊಂಡೆ. ಮೇಲೆ ಹೋಗಲಿಲ್ಲ.

ಇಕ್ಕಳದ ಕೆಳಗೆ ಕಾಗದ ಇಡಬೇಡಿ, ಎಣ್ಣೆಯಾಗುತ್ತದೆ.

•

ಮಾರ್ಚ್ ೫

ಸೊಸೆಗೆ ಮಾವನ ಆಶೀರ್ವಾದ.

ಅವನ ಪರವಾಗಿ ಮಾತನಾಡಬಾರದೆಂದು ನೀನು ವಿಧಿಸಿದ್ದೀಯೆ. ಆದುದರಿಂದ ಬೀಗದ ವಿಚಾರವಾಗಿ ಮಾತ್ರ ಬರೆಯುತ್ತೇನೆ.

ನಮ್ಮ ಮನೆತನದಲ್ಲಿ ಬೀಗ ಮಾಡುವವನು ತಾನು ಮಾಡಿಕೊಟ್ಟ ಬೀಗಕ್ಕೆ ಎರಡನೆಯ ಕೈಯನ್ನು ಇಟ್ಟುಕೊಳ್ಳುವುದಿಲ್ಲ. ಒಂದು ಕೈ, ಅದು ಕೊಂಡವರದು. ಆ ಕೈಯ ಅಚ್ಚನ್ನು ಅವರ ಕಣ್ಣೆದುರಿಗೇ ಅರದಿಂದ ಉಜ್ಜಿ ಅಳಿಸಿಬಿಡುತ್ತೇವೆ. ಇನ್ನೊಬ್ಬರ ಬಾಗಿಲನ್ನು ತೆರೆಯುವ ಸಾಧನ ನಮ್ಮ ಪೆಟ್ಟಿಗೆಯಲ್ಲಿದ್ದರೆ, ತೆರೆಯದೆ ಇದ್ದರೂ ನಾವು ನಂಬಿಕೆಗೆ ಯೋಗ್ಯರಲ್ಲವೆಂದು ನನ್ನ ತಂದೆ ಹೇಳುತ್ತಿದ್ದರು. ನನ್ನ ಮಗ ಚಿಕ್ಕವನಿದ್ದಾಗ ಗಿರಾಕಿಯೊಬ್ಬರ ಬೀಗಕ್ಕೆ ಆಟಕ್ಕೆಂದು ಇನ್ನೊಂದು ಕೈ ಮಾಡಿದ್ದ. ಅಂದು ಅವನಿಗೆ ಬಿದ್ದ ಪೆಟ್ಟು ಅವನಿಗೂ ನೆನಪಿದೆ, ನನಗೂ ನೆನಪಿದೆ. ಹೆಂಡತಿಗೆ ಕೊಟ್ಟ ಬೀಗಕ್ಕೂ ಅವನು ಅದೇ ನಿಯಮವನ್ನು ಪಾಲಿಸಿದ. ಆ ಗೂಡು ನಿನ್ನದು, ಅದರ ಕೈ ನಿನ್ನೊಬ್ಬಳದು.

ಮೊಳೆಯ ಮೇಲೆ ಕೈ ಇಲ್ಲದಿರುವುದನ್ನು ಕಂಡು, ಪಕ್ಷಿಯೂ ನಿನ್ನೊಡನೆ ಹೋಯಿತೆಂದು ಅವನು ತಿಳಿದ. ಹತ್ತಿ ನೋಡದಿದ್ದುದಕ್ಕೆ ಅವನಲ್ಲಿ ಸಮಜಾಯಿಷಿಯಿಲ್ಲ, ನನ್ನಲ್ಲಿಯೂ ಇಲ್ಲ.

ನಿನ್ನ ಚೀಲವನ್ನು ಒಮ್ಮೆ ನೋಡಿಕೊಳ್ಳುವುದು.

ಪಕ್ಷಿಯನ್ನು ಅಡುಗೆಮನೆಗೆ ತಂದಿದ್ದೇನೆ. ನೆಲದ ಮೇಲೆ ಕುಳಿತು ಬೆರಳಿನಿಂದ ಬಟ್ಟಲನ್ನು ಕುಕ್ಕಿದೆ. ಟೈಲರಮ್ಮ ಕಿಟಕಿಯಿಂದ ಇಣುಕಿ, "ಏನ್ ಸ್ವಾಮಿ, ಟೆಲಿಗ್ರಾಮ್ ಕೊಡ್ತಿದೀರಾ?" ಎಂದಳು. ಮೊದಲು ಸ್ತೋತ್ರವನ್ನು ಹೇಳಿದೆ. ಪಕ್ಷಿ ಕಣ್ಣು ಮುಚ್ಚಿತು. ಅನಂತರ, ದೇವರು ಕ್ಷಮಿಸಲಿ, ಬೇಸರ ತಡೆಯಲಾರದೆ ನನ್ನ ಮಗನನ್ನು ಅದರೆದುರಿಗೆ ಬೈಯತೊಡಗಿದೆ. ಕತ್ತನ್ನು ಓರೆ ಮಾಡಿ ಕೇಳಿತು. ಎರಡು ಬಾರಿ ಕುಕ್ಕಿತು.

ನಿನ್ನ ಮಾವ

•

ಮಾರ್ಚ್ ೧೯

ಸೊಸೆಗೆ ಮಾವನ ಆಶೀರ್ವಾದ.

ನಿನ್ನಿಂದ ಉತ್ತರವಿಲ್ಲ. ಅಂಚೆಯವನು ಈಗ ನಮ್ಮ ಮನೆಯನ್ನು ಕಂಡರೆ ಎದುರು ಬದಿಯಲ್ಲಿ ಹೋಗುತ್ತಾನೆ.

ನಿನ್ನನ್ನು ನೋಯಿಸುವುದಕ್ಕೆ ಹಿಂದಿನ ಪತ್ರವನ್ನು ಬರೆಯಲಿಲ್ಲ. ಯಾರ ಮೇಲೆ ತಪ್ಪನ್ನು ಹೊರಿಸಬೇಕೆಂದು ನಾನೂ ಹುಡುಕಿ ಹುಡುಕಿ ಸೋತಿದ್ದೇನೆ. ಮಗನ ಮೇಲೆ ಹೊರಿಸಹೋದರೆ ಅದು ನನ್ನ ನಿಯಮಕ್ಕೆ ಬಂದು ನಿಲ್ಲುತ್ತದೆ. ನಿಯಮದ ಮೇಲೆ ಹೊರಿಸಹೋದರೆ ನನ್ನ ತಂದೆ ಕಣ್ಣ ಮುಂದೆ ನಿಲ್ಲುತ್ತಾರೆ. ನಿನ್ನ ಮೇಲೆ ಹೊರಿಸಲು ನಾಲಗೆ ಏಳದು. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡು ಒಂದು ಜೀವವನ್ನು ಸಾಯಿಸಹೊರಟಿದ್ದೆವು ಎಂಬುದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಕಳ್ಳನೋ ಬೆಕ್ಕೋ ಮಾಡಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಮೊನ್ನೆ ಅದು ಎದ್ದು ನಿಂತಿತು. ಮೂರು ಹೆಜ್ಜೆ ನಡೆದು ಕುಸಿಯಿತು. ನಿನ್ನೆ ಪುನಃ ತಿನ್ನಲಿಲ್ಲ. ಹಿಕ್ಕೆ ಹಸಿರು ನೀರಾಗಿತ್ತು. ಇಂದು ಬೆಳಗ್ಗೆ ತಿಂದಿತು. ಒಂದು ದಿನ ಏರಿದರೆ ಎರಡು ದಿನ ಇಳಿಯುವ ಈ ಆಟದಲ್ಲಿ ನನ್ನ ತಾಳ್ಮೆ ಪೂರ್ತಿ ಸವೆದಿದೆ. ತಾಳ್ಮೆಯನ್ನು ಕುರಿತು ಆಶ್ರಮದಲ್ಲಿ ಸತ್ಸಂಗಿಗಳಿಗೆ ಎರಡು ಬಾರಿ ಉಪನ್ಯಾಸ ಮಾಡಿದವನು ನಾನು.

ನೀನು ಬೈದಾದರೂ ಬರೆ.

ನಿನ್ನ ಮಾವ

•

ಮಾರ್ಚ್ ೨೭

ಮಾವ, ನಮಸ್ಕಾರ.

ಕೈ ಸಿಕ್ಕಿತು. ಉಗ್ರಾಣದ ಕೈಗಳನ್ನು ಹಾಕಿಕೊಳ್ಳುವ ನನ್ನ ಗೊಂಚಲಿನಲ್ಲೇ ಇದೆ. ಅಲ್ಲಿಂದ ಬರುವಾಗ ಮೊಳೆಯಿಂದ ತೆಗೆದು ಗೂಡು ತೆರೆದೆ, ಕಾಳು ಹಾಕಿದೆ, ನೀರಿಟ್ಟೆ, ಅವಳ ತಲೆ ಸವರಿ ಬೀಗ ಹಾಕಿದೆ, ಅಭ್ಯಾಸಬಲದಿಂದ ಗೊಂಚಲಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಇಷ್ಟು ದಿನ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದೆ. ಅವಳು ಬಾಯಾರಿ ಬಿದ್ದಿದ್ದಾಗ ಅದು ಇಲ್ಲಿ ಗಂಜಿಯ ಹಂಡೆಯ ಪಕ್ಕದಲ್ಲಿ ಗಿಲಿಗಿಲಿ ಎನ್ನುತ್ತಿತ್ತು.

ನಮ್ಮ ಉಗ್ರಾಣಕ್ಕೆ ಎರಡು ಕೈ. ಒಂದು ನನ್ನ ಹತ್ತಿರ, ಒಂದು ಕಚೇರಿಯಲ್ಲಿ. ಲೋಕದಲ್ಲಿ ಎಲ್ಲ ಬೀಗವೂ ಹಾಗೇ ಎಂದುಕೊಂಡಿದ್ದೆ. ನಾಲ್ಕು ವರ್ಷ ಆ ಮನೆಯಲ್ಲಿದ್ದೆ, ಮಾವ! ಬೀಗದವರ ಮನೆಯ ಸೊಸೆ ನಾನು. ಇಷ್ಟು ದೊಡ್ಡ ನಿಯಮವನ್ನು ನನಗೆ ಒಬ್ಬರಾದರೂ ಹೇಳಿದಿರಾ? ಊಟಕ್ಕೆ ಕೂತಾಗ ಒಂದು ದಿನ, "ನೋಡಮ್ಮಾ, ನಮ್ಮಲ್ಲಿ ಹೀಗೆ" ಎಂದಿದ್ದರೆ ಸಾಕಿತ್ತು.

ಬೈಯುವುದಕ್ಕೇ ಕೂತಿದ್ದೆ. ಯಾರನ್ನು ಬೈಯಬೇಕೆಂದು ನನಗೂ ಗೊತ್ತಾಗುತ್ತಿಲ್ಲ. ವಾರ್ಡಿನ ಆಯಾ ಒಬ್ಬಳನ್ನು ಸುಮ್ಮನೆ ಗದರಿಸಿ ಅಳಿಸಿಬಿಟ್ಟೆ.

ಹಸಿರು ಹಿಕ್ಕೆಗೆ ಗಾಬರಿ ಬೇಡ. ಹಿಟ್ಟಿಗೆ ಒಂದು ಚಮಚ ಮೊಸರು ಸೇರಿಸಿ.

ನಿಮ್ಮ ಮಗನಿಗೆ ಏನು ಹೇಳಬೇಕೋ ಗೊತ್ತಿಲ್ಲ. ಅವರೂ ನನಗೆ ಏನೂ ಹೇಳಿಲ್ಲ.

ಇಲ್ಲಿಂದ,
ಗಯ್ಯಾಳಿಯ ಒಡತಿ

•

ಏಪ್ರಿಲ್ ೨

ನಿನಗೆ,

ನನಗೆ ಬರೆದು ರೂಢಿಯಿಲ್ಲ. ಅಪ್ಪ ನಿನ್ನ ಪತ್ರವನ್ನು ಅಂಗಡಿಗೆ ತಂದು ನನ್ನ ಮುಂದೆ ಗಟ್ಟಿಯಾಗಿ ಓದಿದರು. ಗಿರಾಕಿಗಳಿದ್ದರು, ಬಿಡಲಿಲ್ಲ.

ಕೈಯನ್ನು ನೀನು ಬೇಕೆಂದು ಒಯ್ಯಲಿಲ್ಲ ಎಂದು ಗೊತ್ತು. ಅದನ್ನು ನೆನೆದು ಅಳಬೇಡ. ನನ್ನದನ್ನು ಹೇಳುತ್ತೇನೆ.

ಮೇಲೆ ಹೋಗಿ ನೋಡಬಹುದಿತ್ತು. ಎರಡು ಸಲ ಮೆಟ್ಟಿಲ ತನಕ ಹೋದೆ. ಕೈ ಇಲ್ಲ ಎಂದರೆ ಗೂಡು ಖಾಲಿ ಎಂದೇ ಅಂದುಕೊಂಡಿದ್ದೆ. ನೀನು ಸಿಟ್ಟಿನಲ್ಲಿ ಹೋಗಿದ್ದೀ, ಸಿಟ್ಟು ಇಳಿದರೆ ಬರುತ್ತೀ ಎಂದು ಕೆಳಗೆ ಕೂತು ಯೋಚಿಸಬಹುದಿತ್ತು. ಮೇಲೆ ಹೋಗಿ ಖಾಲಿ ಗೂಡು ನೋಡಿಬಿಟ್ಟರೆ ನೀನು ಪೂರ್ತಿ ಹೋದೆ ಎಂದಾಗುತ್ತಿತ್ತು. ಅದಕ್ಕೇ ಹತ್ತಲಿಲ್ಲ. ಅಂಗಡಿಯಲ್ಲಿ ಮಲಗಿದ್ದೂ ಅದಕ್ಕೇ. ಆದರೆ ಅಲ್ಲಿಗೆ ಕೋಳಿಯ ಕೂಗು ಕೇಳುವುದಿಲ್ಲ. ಕೇಳಿಸಿದ್ದರೆ ಓಡುತ್ತಿದ್ದೆ. ಇದನ್ನು ನೀನು ನಂಬಬೇಕು. ಬೇರೆ ಏನನ್ನೂ ನಂಬದಿದ್ದರೂ ಪರವಾಗಿಲ್ಲ.

ನೀನು ಮಾಳಿಗೆಯಲ್ಲಿ ಕೋಳಿಯ ಹತ್ತಿರ ಮಾತಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಹಂಡೆ ತಳ ಹಿಡಿದದ್ದು, ಡಾಕ್ಟರಿಗೆ ಬೈದದ್ದು, ಎಲ್ಲ. ಮೇಲೆ ಬಂದರೆ ನೀನು ನಿಲ್ಲಿಸಿಬಿಡುತ್ತೀ ಎಂದು ಬರಲಿಲ್ಲ.

ಅದು ಈಗ ನನ್ನ ಕೈಯಿಂದಲೂ ತಿನ್ನುತ್ತದೆ.

ನಾನು

•

ಏಪ್ರಿಲ್ ೮

ನಿಮಗೆ,

ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಿರಾ? ನಾಲ್ಕು ವರ್ಷ? ಇದನ್ನು ಓದಿ ಸಮಾಧಾನವಾಗಬೇಕಿತ್ತು. ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಬರೆಯಲಾರೆ.

ಭಾನುವಾರ ರಜ ಇದೆ. ಬರುತ್ತೇನೆ. ಕೋಳಿಯನ್ನು ನೋಡುವುದಕ್ಕೆ. ಅಂಗಡಿ ಮುಚ್ಚಿರಿ, ಆ ಯಂತ್ರದ ತಂತಿ ಕಿತ್ತಿಡಿ. ನನಗೆ ಕೇಳುವುದಿದೆ. ನೀವು ಬಾಯಿಯಿಂದ ಉತ್ತರ ಕೊಡಬೇಕು, ಕಾಗದದಲ್ಲಲ್ಲ.

ನಾನೂ

•

ಮೇ ೨೩

ಮಾವ, ನಮಸ್ಕಾರ.

ಈ ಪತ್ರ ನಿಮಗೆ ಮಾತ್ರ. ಅಂಗಡಿಯಲ್ಲಿ ಓದಬೇಡಿ.

ಒಂದು ಬಿಟ್ಟು ಒಂದು ಭಾನುವಾರ ಬರುತ್ತಿದ್ದೇನೆ, ಕೋಳಿ ನೋಡುತ್ತೇನೆ, ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಹೀಗೆ ಎಷ್ಟು ದಿನ ಎಂದು ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ಅವಳು ಗಟ್ಟಿಯಾದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಮೊದಲೇ ಬರೆದಿದ್ದೆ. ಈಗ ಇಲ್ಲಿ ಹಿತ್ತಲಿರುವ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ತಿಂಗಳ ಕೊನೆಗೆ ಹೂಂ ಅಥವಾ ಉಹೂಂ ಎನ್ನಬೇಕು.

ನಿಮ್ಮ ಮಗನನ್ನು ಕೇಳಿದರೆ "ನಿನ್ನಿಷ್ಟ" ಎನ್ನುತ್ತಾರೆ. ಅಷ್ಟೆಲ್ಲ ಜಗಳವಾಡಿ ಬಾಯಿ ಬಿಡಿಸಿದ ಮೇಲೂ "ನಿನ್ನಿಷ್ಟ"! ನನ್ನಿಷ್ಟ ಏನೆಂದು ನನಗೆ ಗೊತ್ತಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆ?

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನೀವು ಸುಳ್ಳು ಹೇಳುವವರಲ್ಲ, ಊರಿಗೇ ಗೊತ್ತು. ಗಯ್ಯಾಳಿ ಹೇಗಿದ್ದಾಳೆ? ಪೂರ್ತಿ ಸರಿಹೋಗಿದ್ದಾಳೆ ಎಂದು ನೀವು ಬರೆದರೆ ಬರುವ ಭಾನುವಾರ ಬುಟ್ಟಿ ತರುತ್ತೇನೆ. ಇನ್ನೂ ಆರೈಕೆ ಬೇಕು ಎಂದರೆ ಬರಿಗೈಯಲ್ಲಿ ಬರುತ್ತೇನೆ, ಕೋಣೆಯವರಿಗೆ ಬೇಡವೆನ್ನುತ್ತೇನೆ.

ನಿಮ್ಮ ಸೊಸೆ

•

ಮೇ ೨೭

ಸೊಸೆಗೆ ಮಾವನ ಆಶೀರ್ವಾದ.

ಎಪ್ಪತ್ತು ದಾಟಿದ ಮುದುಕನನ್ನು ಹೀಗೆ ಇಕ್ಕಟ್ಟಿಗೆ ಸಿಕ್ಕಿಸಬಾರದಿತ್ತು. ನಿನ್ನ ಪತ್ರ ಬಂದಾಗಿನಿಂದ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದು. ದೇವರ ಮುಂದೆ ಕುಳಿತರೆ ಕೋಳಿ ಕಣ್ಣಮುಂದೆ ಬರುತ್ತದೆ; ಕೋಳಿಯ ಮುಂದೆ ಕುಳಿತರೆ ದೇವರು.

ನೀನು ಕೇಳಿದ್ದಕ್ಕೆ, ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಗಯ್ಯಾಳಿ ಹಿಟ್ಟನ್ನು ಬಿಟ್ಟು ಕಾಳನ್ನು ತಿನ್ನುತ್ತಿದೆ. ಉದುರಿದ್ದ ಕಡೆ ಪುಕ್ಕ ಬಂದಿದೆ. ಜುಟ್ಟು ಕೆಂಪಾಗಿ ನೆಟ್ಟಗಾಗಿದೆ. ಸೋಮವಾರ ನನ್ನ ತಟ್ಟೆಯಿಂದ ಅನ್ನವನ್ನು ಕಸಿದುಕೊಂಡಿತು. ಮಂಗಳವಾರ ಟೈಲರಮ್ಮನ ಬೆಕ್ಕನ್ನು ಗೋಡೆಯ ಆಚೆಯವರೆಗೆ ಅಟ್ಟಿಸಿಕೊಂಡು ಹೋಗಿ, ಆಕೆ ಹೊಲಿಯಲೆಂದು ಹರಡಿದ್ದ ಹೊಸ ಬಟ್ಟೆಯ ಮೇಲೆ ಮಾಡಬಾರದ್ದನ್ನು ಮಾಡಿ ಬಂದಿತು. "ಇದಕ್ಕೇನ್ ಸ್ವಾಮಿ ನೀವು ಔಷಧ ಕುಡಿಸಿದ್ದು? ನಂಗೂ ಒಂದ್ ಚಮಚ ಕೊಡಿ" ಎಂದು ಆಕೆ ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು.

ನಿನ್ನ ಗಂಡನ ವಿಚಾರವನ್ನೂ ಬರೆಯುತ್ತೇನೆ, ನೀನು ಕೇಳದಿದ್ದರೂ. ನೀನು ಮೊದಲು ಬಂದ ಭಾನುವಾರ ನಿಮ್ಮಿಬ್ಬರ ಜಗಳ ಮಾಳಿಗೆಯಿಂದ ನನ್ನ ಕೋಣೆಗೆ ಕೇಳಿಸುತ್ತಿತ್ತು. ಈ ಮನೆಯಲ್ಲಿ ಅಷ್ಟು ಗಟ್ಟಿಯಾದ ದನಿಯನ್ನು ನಾನು ಕೇಳಿರಲಿಲ್ಲ. ಎದ್ದು ಬಂದು ಇಬ್ಬರನ್ನೂ ಸುಮ್ಮನಾಗಿಸಬೇಕೆಂದು ಮೆಟ್ಟಿಲಿನ ಬುಡದವರೆಗೆ ಬಂದೆ. ಕಂಬಿಯನ್ನು ಹಿಡಿದು ನಿಂತೆ. ಹಿಂದಿರುಗಿದೆ. ನನ್ನ ಆಯುಸ್ಸಿನಲ್ಲಿ ಅದಕ್ಕಿಂತ ಕಷ್ಟದ ನಿಗ್ರಹವನ್ನು ನಾನು ಮಾಡಿಲ್ಲ. ಆಮೇಲಿನ ಭಾನುವಾರಗಳಲ್ಲಿ ಜಗಳವೂ ಕೇಳಿಸಿತು, ನಗುವೂ ಕೇಳಿಸಿತು. ಯಾವುದು ಯಾವಾಗ ಯಾವುದಾಯಿತೋ ನನಗೆ ತಿಳಿಯಲಿಲ್ಲ. ನೀನು ಹೊರಟ ಮೇಲೆ ಅವನು ನನ್ನ ಜೊತೆ ಊಟಕ್ಕೆ ಕುಳಿತು, "ಇವತ್ತು ಅವಳು ಏನಂದ್ಲು ಗೊತ್ತಾ ಅಪ್ಪಾ" ಎಂದು ತೊಡಗಿದ. ಬಾಯಲ್ಲಿ ಅನ್ನವನ್ನಿಟ್ಟುಕೊಂಡೇ ಮಾತನಾಡಿದ. ನಾನು ತಡೆಯಲಿಲ್ಲ. ಏನಂದಳು ಎಂದು ಕೇಳಿದೆ.

"ನಿನ್ನಿಷ್ಟ" ಎಂದನಲ್ಲವೇ, ಆ ಮಾತನ್ನು ಹೇಳಿಬಂದ ಸಂಜೆ ಅವನು ಉಂಡಿಲ್ಲ. ಅವನಿಗೆ ಹೇಳಲು ಬಾರದ್ದನ್ನು ಅವನ ಪರವಾಗಿ ನಾನು ಹೇಳಕೂಡದು. ನೀನು ಹಿಂದೆಯೇ ವಿಧಿಸಿದ್ದೀಯೆ.

ಇನ್ನು ನಿನ್ನ ಪ್ರಶ್ನೆ. ತಿಳಿದೂ ತಿಳಿದೂ ಒಂದು ಸುಳ್ಳು ಮಾತನ್ನು ನಾನು ಬರೆದವನಲ್ಲ. ಮೇಲೆ ಬರೆದುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ನಾನು ವೈದ್ಯನಲ್ಲ. ಬೆಕ್ಕನ್ನು ಅಟ್ಟಿಸಿಕೊಂಡು ಹೋದ ಪ್ರಾಣಿಯ ಒಳಗೆ ಇನ್ನೆಷ್ಟು ನಿತ್ರಾಣವಿದೆಯೋ ಹೊರಗಿನಿಂದ ಕಂಡವರಾರು? ಅದು ಪೂರ್ತಿ ಸರಿಹೋಗಿದೆಯೆಂದು ನನ್ನ ಕೈಯಿಂದ ಬರೆಯಲಾರೆ. ಬರೆಯುವುದಿಲ್ಲ. ದೇವರು ನನ್ನನ್ನು ಏನು ಬೇಕಾದರೂ ಕೇಳಲಿ.

ಬುಟ್ಟಿ ತರಬೇಡ.

ನಿನ್ನ ಮಾವ